ಪಬ್ಲಿಕ್ ಕೀ ಎಲ್ಲರಿಗೂ ಗೊತ್ತಿದ್ದರೂ ಗುಟ್ಟು ಹೇಗೆ ಉಳಿಯುತ್ತದೆ?

ಪ್ರಶ್ನೆ: ಹೈಸ್ಕೂಲ್ ಗಣಿತ ನನಗೆ ಚೆನ್ನಾಗಿ ಬರುತ್ತಿತ್ತು, ಈಗ ಅರ್ಧ ಮರೆತಿದೆ. ಕ್ರಿಪ್ಟೋಗ್ರಫಿ, ಅಂದರೆ ಸಂದೇಶವನ್ನು ಗುಟ್ಟಾಗಿ ಕಳಿಸುವ ವಿದ್ಯೆ, ಕಲಿಯಬೇಕು ಅಂತ ಆಸೆ. ಆದರೆ ಯಾವ ಪುಸ್ತಕ ತೆರೆದರೂ ಗ್ರೂಪ್, ರಿಂಗ್, ಫೀಲ್ಡ್ ಅಂತ ಶುರುವಾಗುತ್ತದೆ, ನಾಲ್ಕು ಪುಟಕ್ಕೇ ಕೈಬಿಡುವಂತಾಗುತ್ತದೆ. ಇನ್ನೊಂದು ಗೊಂದಲವೂ ಇದೆ. ಸಂದೇಶವನ್ನು ಗುಟ್ಟಾಗಿಸಲು ಬಳಸುವ ಪಬ್ಲಿಕ್ ಕೀ ಎಲ್ಲರಿಗೂ ಗೊತ್ತು, ಲೆಕ್ಕ ಮಾಡುವ ವಿಧಾನವೂ ಗೊತ್ತು. ಹಾಗಿದ್ದ ಮೇಲೆ ಅದೇ ಲೆಕ್ಕವನ್ನು ಹಿಂದುಮುಂದಾಗಿ ಮಾಡಿ ಸಂದೇಶ ಓದಲು ಯಾಕೆ ಆಗುವುದಿಲ್ಲ? ಇದಕ್ಕೆ ನಿಜವಾಗಿ ಎಷ್ಟು ಗಣಿತ ಬೇಕು?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯೇ ಈ ವಿಷಯದ ಜೀವಾಳ. ಅದನ್ನೇ ಹಿಡಿದುಕೊಂಡು ಹೋಗೋಣ. ಬೇಕಾದ ಗಣಿತ ದಾರಿಯಲ್ಲೇ ಸಿಗುತ್ತದೆ. ಗ್ರೂಪ್, ರಿಂಗ್, ಫೀಲ್ಡ್ ಸದ್ಯಕ್ಕೆ ಪಕ್ಕಕ್ಕಿಡಿ. ಅವು ಮುಖ್ಯವಲ್ಲ ಅಂತಲ್ಲ. ಅವು ಯಾವುದಕ್ಕೆ ಹುಟ್ಟಿದವೋ ಆ ಲೆಕ್ಕಗಳನ್ನು ಮೊದಲು ಕೈಯಾರೆ ಮಾಡಿದವರಿಗೆ ಮಾತ್ರ ಅವುಗಳ ರುಚಿ ತಿಳಿಯುತ್ತದೆ. ಒಂದು ಪೆನ್ನು, ಕಾಗದ ತೆಗೆದುಕೊಂಡು ಕೂತು ಓದಿ. ಇಲ್ಲಿ ಬರುವ ಸಂಖ್ಯೆಗಳೆಲ್ಲ ಸಣ್ಣವು.

ಹಳೇ ಕಾಲದ ಗೂಢಲಿಪಿಗಳಲ್ಲಿ ನಿಮ್ಮ ಅನುಮಾನ ನೂರಕ್ಕೆ ನೂರು ಸರಿ. ಪ್ರತಿ ಅಕ್ಷರವನ್ನೂ ಮೂರು ಸ್ಥಾನ ಮುಂದೆ ತಳ್ಳಿ ಬರೆದರೆ, ಓದುವವರು ಮೂರು ಸ್ಥಾನ ಹಿಂದೆ ತಳ್ಳಿದರಾಯಿತು. 3 ಕೂಡುವುದು ಎಷ್ಟು ಸುಲಭವೋ ಕಳೆಯುವುದೂ ಅಷ್ಟೇ ಸುಲಭ. ಹಾಗಾಗಿ ಆ 3 ಎಂಬ ಕೀ ಗುಟ್ಟಾಗಿರಲೇಬೇಕು. ಸಂದೇಶ ಕಳಿಸುವವರೂ ಪಡೆಯುವವರೂ ಮೊದಲೇ ಎಲ್ಲೋ ಭೇಟಿಯಾಗಿ ಅದನ್ನು ಹಂಚಿಕೊಂಡಿರಬೇಕು. ಸಾವಿರಾರು ವರ್ಷ ಇದೇ ಸ್ಥಿತಿ ಇತ್ತು. ಇದರಿಂದ ಹೊರಬರಲು ಬೇಕಾಗಿದ್ದದ್ದು ಬೇರೆ ಥರದ ಲೆಕ್ಕ. ಮಾಡಲು ಸುಲಭ, ಬಿಚ್ಚಲು ವಿಪರೀತ ಕಷ್ಟ, ಅಂಥದ್ದು. ಅಂಥ ಲೆಕ್ಕಗಳು ಸಿಕ್ಕಿದ್ದು ಭಾಗಾಕಾರದ ಶೇಷದಲ್ಲಿ.

ಶೇಷದ ಲೆಕ್ಕ ನಿಮಗೆ ಗೊತ್ತೇ ಇದೆ. ಇವತ್ತು ಬುಧವಾರ ಅಂದುಕೊಳ್ಳಿ. ಇನ್ನು 100 ದಿನಕ್ಕೆ ಯಾವ ವಾರ? 100ನ್ನು 7ರಿಂದ ಭಾಗಿಸಿದರೆ ಶೇಷ 2. ಬುಧವಾರದಿಂದ ಎರಡು ದಿನ ಮುಂದೆ, ಶುಕ್ರವಾರ. ಎಷ್ಟು ವಾರ ಕಳೆಯಿತು ಅನ್ನುವುದು ಬೇಕಾಗಿಲ್ಲ, ಉಳಿದದ್ದು ಎಷ್ಟು ಅನ್ನುವುದಷ್ಟೇ ಬೇಕು. ಈ ಲೆಕ್ಕಕ್ಕೆ ಶಿಸ್ತಿನ ರೂಪ ಕೊಟ್ಟು, ಇಂದಿಗೂ ಬಳಸುವ ಚಿಹ್ನೆ ಹಾಕಿಕೊಟ್ಟವರು ಜರ್ಮನಿಯ ಗಾಸ್, 1801ರಲ್ಲಿ.

ಇದರಲ್ಲಿ ಒಂದು ದೊಡ್ಡ ಅನುಕೂಲ ಇದೆ. ಶೇಷವನ್ನು ಕೊನೆಯಲ್ಲೇ ತೆಗೆಯಬೇಕಾಗಿಲ್ಲ, ನಡುವೆ ಎಲ್ಲಿ ಬೇಕಾದರೂ ತೆಗೆಯಬಹುದು. 23 × 31 = 713. ಇದನ್ನು 17ರಿಂದ ಭಾಗಿಸಿದರೆ ಶೇಷ 16. ಗುಣಿಸುವ ಮೊದಲೇ ಶೇಷ ತೆಗೆದರೆ 23 ಹೋಗಿ 6, 31 ಹೋಗಿ 14. 6 × 14 = 84, ಅದರ ಶೇಷವೂ 16. ಸಂಖ್ಯೆಗಳು ಯಾವತ್ತೂ ದೊಡ್ಡದಾಗಿ ಬೆಳೆಯಲು ಬಿಡಬೇಕಾಗಿಲ್ಲ. ಕಂಪ್ಯೂಟರ್ 600 ಅಂಕಿಗಳ ಸಂಖ್ಯೆಯ ಘಾತವನ್ನು ಲೆಕ್ಕ ಹಾಕಲು ಸಾಧ್ಯವಾಗುವುದು ಇದರಿಂದಲೇ.

ಈಗ ಮುಖ್ಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಿ. 3ರ ಘಾತಗಳನ್ನು ಸುಮ್ನೆ ಬರೆಯುತ್ತಾ ಹೋಗಿ: 3, 9, 27, 81, 243, 729. ಯಾರಾದರೂ "729 ಅನ್ನುವುದು 3ರ ಎಷ್ಟನೇ ಘಾತ?" ಅಂತ ಕೇಳಿದರೆ ಕಷ್ಟವೇನಿಲ್ಲ. ಒಂದು ಊಹೆ ಮಾಡುತ್ತೀರಿ. ಉತ್ತರ ಜಾಸ್ತಿ ಬಂದರೆ ಇಳಿಸುತ್ತೀರಿ, ಕಡಿಮೆ ಬಂದರೆ ಏರಿಸುತ್ತೀರಿ. ಸಂಖ್ಯೆಗಳು ಒಂದೇ ದಿಕ್ಕಿಗೆ ಏರುತ್ತಾ ಹೋಗುವುದರಿಂದ ಈ ಜಾಡು ಸಿಗುತ್ತದೆ.

ಅದೇ ಘಾತಗಳನ್ನು 17ರಿಂದ ಭಾಗಿಸಿ, ಶೇಷ ಮಾತ್ರ ಬರೆಯಿರಿ: 3, 9, 10, 13, 5, 15, 11, 16, 14, 8, 7, 4, 12, 2, 6, 1. ಒಂದೊಂದು ಹೆಜ್ಜೆಯೂ ಸುಲಭ: ಹಿಂದಿನದನ್ನು 3ರಿಂದ ಗುಣಿಸಿ, 17 ದಾಟಿದರೆ ಶೇಷ ತೆಗೆಯುವುದು. ಆದರೆ ಸಾಲನ್ನು ನೋಡಿ. 15 ಆದ ಮೇಲೆ 11, ಆಮೇಲೆ 16, ಆಮೇಲೆ 14. ಏರಿಕೆಯೂ ಇಲ್ಲ, ಇಳಿಕೆಯೂ ಇಲ್ಲ. ಈಗ "12 ಬರಬೇಕಾದರೆ 3ರ ಎಷ್ಟನೇ ಘಾತ?" ಅಂತ ಕೇಳಿದರೆ ಏನು ಮಾಡುತ್ತೀರಿ? ನಿಮ್ಮ ಊಹೆಗೆ 11 ಬಂತು ಅಂದುಕೊಳ್ಳಿ. 12ರ ಪಕ್ಕದಲ್ಲೇ ಇದ್ದೇವೆ ಅನ್ನಿಸಬಹುದು. ಆದರೆ 11 ಬಂದದ್ದು 7ನೇ ಘಾತಕ್ಕೆ, 12 ಬರುವುದು 13ನೇ ಘಾತಕ್ಕೆ. ಹತ್ತಿರ ಬಂದೆವೋ ದೂರ ಹೋದೆವೋ ತಿಳಿಯುವ ದಾರಿಯೇ ಇಲ್ಲ. ಪಟ್ಟಿ ಇಟ್ಟುಕೊಂಡು ಹುಡುಕಬೇಕು, ಅಷ್ಟೇ. 17ರ ಜಾಗದಲ್ಲಿ 600 ಅಂಕಿಗಳ ಸಂಖ್ಯೆ ಇದ್ದರೆ ಆ ಪಟ್ಟಿಯನ್ನು ಬರೆದಿಡಲು ಈ ವಿಶ್ವದಲ್ಲಿ ಜಾಗ ಸಾಲದು. ಪಟ್ಟಿಗಿಂತ ಚುರುಕಾದ ವಿಧಾನಗಳೂ ಇವೆ ನಿಜ. ಆದರೆ ಈ ಅಳತೆಯ ಸಂಖ್ಯೆಗಳ ಮುಂದೆ ಅವೂ ಸೋಲುತ್ತವೆ.

ನಿಮ್ಮ ಗೊಂದಲಕ್ಕೆ ಉತ್ತರ ಇಲ್ಲೇ ಇದೆ. ವಿಧಾನ ಗೊತ್ತಿದ್ದರೂ ಅದನ್ನು ಹಿಂದಕ್ಕೆ ಓಡಿಸುವ ವಿಧಾನ ತಾನಾಗಿಯೇ ಸಿಗುವುದಿಲ್ಲ. ಶೇಷ ತೆಗೆದಾಗ ಹೆಜ್ಜೆಯ ಗುರುತು ಅಳಿಸಿಹೋಗುತ್ತದೆ.

ಇದರಿಂದ ಏನು ಉಪಯೋಗ? ಈ ಕ್ಷೇತ್ರದ ಪುಸ್ತಕಗಳಲ್ಲೆಲ್ಲ ಬರುವ ಆಲಿಸ್ ಮತ್ತು ಬಾಬ್ ಅವರನ್ನೇ ಕರೆಯೋಣ. ಇಬ್ಬರೂ ಯಾವತ್ತೂ ಭೇಟಿಯಾಗಿಲ್ಲ. ಅವರು ಮಾತಾಡುವುದೆಲ್ಲವನ್ನೂ ಈವ್ ಕೇಳಿಸಿಕೊಳ್ಳುತ್ತಿದ್ದಾಳೆ. 17 ಮತ್ತು 3 ಅನ್ನುವ ಸಂಖ್ಯೆಗಳು ಎಲ್ಲರಿಗೂ ಗೊತ್ತು. ಆಲಿಸ್ ಮನಸ್ಸಿನಲ್ಲೇ 6 ಅಂದುಕೊಂಡು, 3ರ 6ನೇ ಘಾತದ ಶೇಷವಾದ 15ನ್ನು ಬಾಬ್‌ಗೆ ಕಳಿಸುತ್ತಾಳೆ. ಬಾಬ್ ಮನಸ್ಸಿನಲ್ಲಿ 7 ಅಂದುಕೊಂಡು, 7ನೇ ಘಾತದ ಶೇಷವಾದ 11ನ್ನು ಕಳಿಸುತ್ತಾನೆ. ಈಗ ಆಲಿಸ್ ತನಗೆ ಬಂದ 11ರ 6ನೇ ಘಾತ ತೆಗೆಯುತ್ತಾಳೆ, ಶೇಷ 8. ಬಾಬ್ ತನಗೆ ಬಂದ 15ರ 7ನೇ ಘಾತ ತೆಗೆಯುತ್ತಾನೆ, ಅವನಿಗೂ 8. ಇಬ್ಬರೂ ಬೇರೆ ಬೇರೆ ದಾರಿಯಿಂದ ತಲುಪಿದ್ದು 3ರ 42ನೇ ಘಾತಕ್ಕೇ, ಅಲ್ವಾ? ಈವ್‌ಗೆ 17, 3, 15, 11 ಎಲ್ಲ ಗೊತ್ತು. 8 ಮಾತ್ರ ಗೊತ್ತಿಲ್ಲ. ಅದು ಬೇಕಾದರೆ 15 ಎಷ್ಟನೇ ಘಾತದಿಂದ ಬಂತು ಅಂತ ಆ ಗಲಿಬಿಲಿಯ ಸಾಲಿನಲ್ಲಿ ಹುಡುಕಬೇಕು.

ಇದನ್ನು 1976ರಲ್ಲಿ ಪ್ರಕಟಿಸಿದವರು ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್‌ಮನ್. ಎಲ್ಲರ ಎದುರಿಗೇ ಮಾತಾಡಿಕೊಂಡು, ಇಬ್ಬರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟನ್ನು ಹುಟ್ಟಿಸಬಹುದು ಅನ್ನುವುದು ನನ್ನ ಮಟ್ಟಿಗೆ ಇಪ್ಪತ್ತನೇ ಶತಮಾನದ ಅತಿ ಸುಂದರ ಯೋಚನೆಗಳಲ್ಲಿ ಒಂದು. ಬ್ರಿಟನ್‌ನ ಬೇಹುಗಾರಿಕೆ ಸಂಸ್ಥೆಯಾದ ಜಿಸಿಎಚ್‌ಕ್ಯೂನಲ್ಲಿ ಮಾಲ್ಕಮ್ ವಿಲಿಯಮ್ಸನ್ 1974ರಲ್ಲೇ ಇದನ್ನು ಕಂಡುಕೊಂಡಿದ್ದರು. ಆದರೆ ಅದು ಹೊರಜಗತ್ತಿಗೆ ತಿಳಿದದ್ದು 1997ರಲ್ಲಿ.

ಡಿಫಿ-ಹೆಲ್‌ಮನ್ ವಿಧಾನದಿಂದ ಇಬ್ಬರಿಗೂ ಒಂದೇ ಕೀ ಸಿಕ್ಕಿತು. ಆದರೆ ನೀವು ಕೇಳಿದ ಪಬ್ಲಿಕ್ ಕೀ ಇನ್ನೂ ಬಂದಿಲ್ಲ. ಅದಕ್ಕೆ ಆರ್‌ಎಸ್‌ಎ ಅನ್ನುವ ವಿಧಾನ ನೋಡಬೇಕು. 1977ರಲ್ಲಿ ರಾನ್ ರಿವೆಸ್ಟ್, ಆದಿ ಶಮೀರ್, ಲಿಯೊನಾರ್ಡ್ ಏಡಲ್‌ಮನ್ ಇದನ್ನು ಕಂಡುಹಿಡಿದರು. ಇದಕ್ಕೆ ಬೇಕಾದ ಹೊಸ ಸಂಗತಿ ಒಂದೇ, ಅದೂ 1640ರ ಕಾಲದ್ದು. ಫ್ರಾನ್ಸಿನ ಗಣಿತಜ್ಞ ಫರ್ಮಾ ಗಮನಿಸಿದ್ದು.

ಮೇಲಿನ 17ರ ಸಾಲನ್ನು ಮತ್ತೆ ನೋಡಿ. 16ನೇ ಹೆಜ್ಜೆಗೆ 1 ಬಂತು. ಅಲ್ಲಿಂದ ಮುಂದೆ ಮತ್ತೆ 3, 9, 10 ಅಂತ ಅದೇ ಸುತ್ತು. ಭಾಜಕವು ಅವಿಭಾಜ್ಯ ಸಂಖ್ಯೆಯಾದರೆ ಯಾವಾಗಲೂ ಹೀಗೆಯೇ: ಅದಕ್ಕಿಂತ ಒಂದು ಕಡಿಮೆ ಹೆಜ್ಜೆ ಹಾಕಿದರೆ ಶೇಷ 1. 5 ಆದರೆ 4 ಹೆಜ್ಜೆ, 11 ಆದರೆ 10 ಹೆಜ್ಜೆ. ಭಾಜಕದಿಂದಲೇ ಭಾಗವಾಗುವ ಸಂಖ್ಯೆಗಳನ್ನು ಬಿಟ್ಟರೆ ಉಳಿದ ಎಲ್ಲಕ್ಕೂ ಇದು ನಿಜ.

ಈಗ 5 ಮತ್ತು 11ನ್ನು ಗುಣಿಸಿ 55 ಮಾಡಿಕೊಳ್ಳಿ. 4 ಹೆಜ್ಜೆಯ ಸುತ್ತು, 10 ಹೆಜ್ಜೆಯ ಸುತ್ತು ಎರಡೂ ಒಟ್ಟಿಗೆ ಮುಗಿಯುವುದು 20ನೇ ಹೆಜ್ಜೆಗೆ. ಅಂದರೆ 55ರ ಶೇಷದ ಲೆಕ್ಕದಲ್ಲಿ ಯಾವ ಸಂಖ್ಯೆಯ 21ನೇ ಘಾತ ತೆಗೆದರೂ ಅದೇ ಸಂಖ್ಯೆ ವಾಪಸ್ ಬರುತ್ತದೆ. 21 ಅಂದರೆ 3 × 7. ಹಾಗಾಗಿ ಒಬ್ಬರು 3ನೇ ಘಾತ ತೆಗೆದು ಕಳಿಸಲಿ, ಇನ್ನೊಬ್ಬರು 7ನೇ ಘಾತ ತೆಗೆದು ಓದಲಿ. 55 ಮತ್ತು 3 ಪಬ್ಲಿಕ್ ಕೀ, ಯಾರಿಗೆ ಬೇಕಾದರೂ ಹೇಳಬಹುದು. 7 ಗುಟ್ಟು.

ಮಾಡಿ ನೋಡಿ. ಕಳಿಸಬೇಕಾದ ಸಂದೇಶ 8. 8ರ 3ನೇ ಘಾತ 512. 55ರಿಂದ ಭಾಗಿಸಿದರೆ ಶೇಷ 17. ಇದೇ ಗೂಢ ಸಂದೇಶ. ಓದುವವರು 17ರ 7ನೇ ಘಾತ ತೆಗೆಯಬೇಕು. ಏಳು ಸಲ ಗುಣಿಸುವ ಬದಲು ವರ್ಗ ಮಾಡುತ್ತಾ ಹೋಗಿ. 17ರ ವರ್ಗ 289, ಶೇಷ 14. 14ರ ವರ್ಗ 196, ಶೇಷ 31. ಇದು 4ನೇ ಘಾತ. 31 × 14 = 434, ಶೇಷ 49. ಇದು 6ನೇ ಘಾತ. 49 × 17 = 833, ಶೇಷ 8. ಸಂದೇಶ ಸಿಕ್ಕಿತು!

ಈ ವರ್ಗ ಮಾಡುತ್ತಾ ಹೋಗುವ ಉಪಾಯವನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ. ಘಾತಸೂಚಿ 600 ಅಂಕಿಗಳಷ್ಟು ದೊಡ್ಡದಾದರೂ ಸುಮಾರು 2000 ಸಲ ವರ್ಗ ಮಾಡಿ, ನಡುನಡುವೆ ಅಷ್ಟೇ ಸಲದೊಳಗೆ ಗುಣಿಸಿದರೆ ಕೆಲಸ ಮುಗಿಯಿತು. ಮುಂದಕ್ಕೆ ಹೋಗುವುದು ಸುಲಭವಾಗಿರುವುದು ಇದರಿಂದ.

(ಬಹಳಷ್ಟು ಪುಸ್ತಕಗಳಲ್ಲಿ 20ರ ಬದಲು 4 × 10 = 40 ತೆಗೆದುಕೊಂಡಿರುತ್ತಾರೆ. ಆಗ ಗುಟ್ಟಿನ ಕೀ 27 ಬರುತ್ತದೆ, 3 × 27 = 81. ಅದೂ ಸರಿಯೇ, ಗಾಬರಿಯಾಗಬೇಡಿ.)

ಗುಟ್ಟಿನ 7 ಸಿಕ್ಕಿದ್ದು ಹೇಗೆ? 3ನ್ನು ಯಾವುದರಿಂದ ಗುಣಿಸಿ 20ರಿಂದ ಭಾಗಿಸಿದರೆ ಶೇಷ 1 ಬರುತ್ತದೆ ಅಂತ ಹುಡುಕಿದೆವು. ಸಣ್ಣ ಸಂಖ್ಯೆಗಾದರೆ ಕಣ್ಣಳತೆಯಲ್ಲೇ ಆಯಿತು. ದೊಡ್ಡದಕ್ಕೆ ಶಾಲೆಯಲ್ಲಿ ಮ.ಸಾ.ಅ. ಕಂಡುಹಿಡಿಯಲು ಕಲಿತ ಯೂಕ್ಲಿಡ್‌ನ ಕ್ರಮವನ್ನೇ ಸ್ವಲ್ಪ ಮುಂದುವರಿಸುತ್ತಾರೆ. ಇಂಥ ಶೇಷದ ಸಮಸ್ಯೆ ಬಿಡಿಸಲು ಆರ್ಯಭಟ 499ರಲ್ಲೇ ಕೊಟ್ಟ ಕುಟ್ಟಕ ವಿಧಾನವೂ ಇದೇ ಜಾತಿಯದು. ಅದು ಎಷ್ಟು ಚುರುಕು ಅಂದರೆ, ನೂರಾರು ಅಂಕಿಗಳ ಸಂಖ್ಯೆಗೂ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬರುತ್ತದೆ.

ಹಾಗಾದರೆ ಕಳ್ಳನಿಗೆ ಅಡ್ಡಿ ಏನು? ಅವನಿಗೆ 20 ಗೊತ್ತಿಲ್ಲ. 20 ಗೊತ್ತಾಗಬೇಕಾದರೆ 55ನ್ನು 5 × 11 ಅಂತ ಒಡೆಯಬೇಕು. 55ನ್ನು ಯಾರು ಬೇಕಾದರೂ ಒಡೆಯುತ್ತಾರೆ. ಆದರೆ ಇಂದು ಬಳಕೆಯಲ್ಲಿರುವ 2048 ಬಿಟ್ ಕೀಯಲ್ಲಿ 617 ಅಂಕಿಗಳಿರುತ್ತವೆ. 1977ರಲ್ಲಿ ಆರ್‌ಎಸ್‌ಎ ತಂಡ 129 ಅಂಕಿಗಳ ಒಂದು ಸಂಖ್ಯೆಯನ್ನು ಸವಾಲಾಗಿ ಇಟ್ಟಿತ್ತು, 100 ಡಾಲರ್ ಬಹುಮಾನದ ಜೊತೆ. ಅದನ್ನು ಒಡೆದದ್ದು 1994ರಲ್ಲಿ, ಇಂಟರ್ನೆಟ್ ಮೂಲಕ ಕೈಜೋಡಿಸಿದ ಸುಮಾರು 600 ಮಂದಿ. 2020ರಲ್ಲಿ 250 ಅಂಕಿಗಳ ಸಂಖ್ಯೆಯನ್ನು ಒಡೆದರು. ಆ ಕೆಲಸವನ್ನು ಒಂದೇ ಪ್ರೊಸೆಸರ್ ಕೋರ್ ಮಾಡಿದ್ದರೆ ಸುಮಾರು 2700 ವರ್ಷ ಹಿಡಿಯುತ್ತಿತ್ತು. 250ರಿಂದ 617ಕ್ಕೆ ಹೋದರೆ ಕೆಲಸ ಎರಡೂವರೆ ಪಟ್ಟು ಜಾಸ್ತಿಯಾಗುತ್ತದೆ ಅಂದುಕೊಳ್ಳಬೇಡಿ. ಅಂಕಿಗಳು ಏರಿದಂತೆ ಕಷ್ಟ ಅದಕ್ಕಿಂತ ಎಷ್ಟೋ ವೇಗವಾಗಿ ಏರುತ್ತದೆ.

ಇಲ್ಲಿ ಜಾಣ ಓದುಗರಿಗೆ ಒಂದು ಪ್ರಶ್ನೆ ಏಳಬೇಕು. ದೊಡ್ಡ ಸಂಖ್ಯೆಯನ್ನು ಒಡೆಯಲು ಆಗುವುದಿಲ್ಲ ಅಂದರೆ, 300 ಅಂಕಿಗಳ ಒಂದು ಸಂಖ್ಯೆ ಅವಿಭಾಜ್ಯ ಅಂತ ಗೊತ್ತಾಗುವುದಾದರೂ ಹೇಗೆ? ಒಡೆಯದೆಯೇ ಗೊತ್ತಾಗುತ್ತದೆ. ಫರ್ಮಾ ಹೇಳಿದ್ದನ್ನೇ ತಿರುಗಿಸಿ ನೋಡಿ. 15 ಅವಿಭಾಜ್ಯ ಆಗಿದ್ದರೆ, 2ರ 14ನೇ ಘಾತಕ್ಕೆ ಶೇಷ 1 ಬರಬೇಕಿತ್ತು. 2ರ 4ನೇ ಘಾತ 16, ಶೇಷ 1. ಹಾಗಾಗಿ 12ನೇ ಘಾತಕ್ಕೂ 1, 14ನೇ ಘಾತಕ್ಕೆ 4. 1 ಬರಲಿಲ್ಲ, ಅಲ್ಲಿಗೆ 15 ಅವಿಭಾಜ್ಯ ಅಲ್ಲ. ಗಮನಿಸಿ, 3 ಮತ್ತು 5ರ ಹೆಸರನ್ನೇ ನಾವು ಎತ್ತಲಿಲ್ಲ. ಅಪವರ್ತನ ಇದೆ ಅಂತ ಗೊತ್ತಾಯಿತು, ಯಾವುದು ಅಂತ ಗೊತ್ತಾಗಲಿಲ್ಲ. ಈ ಎರಡು ತಿಳಿವಳಿಕೆಗಳ ನಡುವಿನ ಅಂತರದ ಮೇಲೆಯೇ ಆರ್‌ಎಸ್‌ಎ ನಿಂತಿದೆ.

ಈ ಪರೀಕ್ಷೆಯನ್ನು ಏಮಾರಿಸುವ ಸಂಖ್ಯೆಗಳೂ ಇವೆ, 561ರಂಥವು. ಅದಕ್ಕೇ ಮಿಲ್ಲರ್-ರಾಬಿನ್ ಅನ್ನುವ ಇನ್ನೂ ಬಿಗಿಯಾದ ಪರೀಕ್ಷೆ ಬಳಸುತ್ತಾರೆ. ಅದು ಸಂಭವನೀಯತೆಯ ಮೇಲೆ ನಿಂತ ಪರೀಕ್ಷೆ. ಸಂಶಯಕ್ಕೆ ಎಡೆಯೇ ಇಲ್ಲದ, ಆದರೂ ವೇಗವಾದ ಪರೀಕ್ಷೆ ಸಾಧ್ಯ ಅಂತ 2002ರಲ್ಲಿ ತೋರಿಸಿದವರು ಐಐಟಿ ಕಾನ್ಪುರದ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ದಿನನಿತ್ಯದ ಬಳಕೆಗೆ ಮಿಲ್ಲರ್-ರಾಬಿನ್ ಪರೀಕ್ಷೆಯೇ ಹಗುರ. ಅವಿಭಾಜ್ಯಗಳಿಗೆ ಬರವೂ ಇಲ್ಲ. 1024 ಬಿಟ್ ಅಳತೆಯಲ್ಲಿ ಸರಿಸುಮಾರು 710 ಸಂಖ್ಯೆಗಳಿಗೆ ಒಂದು ಸಿಗುತ್ತದೆ. ಬೆಸ ಸಂಖ್ಯೆಗಳನ್ನಷ್ಟೇ ನೋಡಿದರೆ 355ಕ್ಕೆ ಒಂದು. ಹಾಗಾಗಿ ಕಂಪ್ಯೂಟರ್ ಯದ್ವಾತದ್ವಾ ಒಂದು ಸಂಖ್ಯೆ ಆರಿಸುತ್ತದೆ, ಪರೀಕ್ಷಿಸುತ್ತದೆ, ಆಗದಿದ್ದರೆ ಇನ್ನೊಂದು.

ಆ "ಯದ್ವಾತದ್ವಾ" ಬಹಳ ಮುಖ್ಯ. ಇಬ್ಬರ ಕೀಗಳು 55 ಮತ್ತು 65 ಅಂದುಕೊಳ್ಳಿ. ಎರಡನ್ನೂ ಒಡೆಯಲು ನನಗೆ ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಆದರೆ ಮ.ಸಾ.ಅ. ತೆಗೆಯಬಲ್ಲೆ. 65ನ್ನು 55ರಿಂದ ಭಾಗಿಸಿದರೆ ಶೇಷ 10. 55ನ್ನು 10ರಿಂದ ಭಾಗಿಸಿದರೆ 5. 10ನ್ನು 5ರಿಂದ ಭಾಗಿಸಿದರೆ 0. ಮ.ಸಾ.ಅ. 5. ಮೂರೇ ಹೆಜ್ಜೆಗೆ ಇಬ್ಬರ ಗುಟ್ಟೂ ಬಯಲು! ಇಬ್ಬರೂ ಗೊತ್ತಿಲ್ಲದೆ ಒಂದೇ ಅವಿಭಾಜ್ಯವನ್ನು ಆರಿಸಿಕೊಂಡಿದ್ದರು. ಇದು ಸುಮ್ನೆ ಕಟ್ಟಿದ ಉದಾಹರಣೆ ಅಲ್ಲ. 2012ರಲ್ಲಿ ಸಂಶೋಧಕರ ಎರಡು ತಂಡಗಳು ಇಂಟರ್ನೆಟ್‌ನಲ್ಲಿ ಬಳಕೆಯಲ್ಲಿದ್ದ ಲಕ್ಷಾಂತರ ಪಬ್ಲಿಕ್ ಕೀಗಳನ್ನು ಒಟ್ಟುಹಾಕಿ ಇದೇ ಲೆಕ್ಕ ಮಾಡಿದವು. ಸಾವಿರಾರು ಕೀಗಳು ಒಡೆದುಹೋದವು. ತಪ್ಪು ಗಣಿತದ್ದಲ್ಲ. ಸಣ್ಣ ಉಪಕರಣಗಳು ಆನ್ ಆದ ಕೂಡಲೇ, ಸಾಕಷ್ಟು ಗೊತ್ತುಗುರಿಯಿಲ್ಲದ ಸಂಖ್ಯೆಗಳು ಸಿಗುವ ಮೊದಲೇ ಕೀ ತಯಾರಿಸಿದ್ದೇ ಮುಖ್ಯ ಕಾರಣ.

ಇನ್ನೂ ಒಂದು ಎಚ್ಚರಿಕೆ. ಮೇಲಿನ ಲೆಕ್ಕದಲ್ಲಿ 8 ಯಾವಾಗ ಕಳಿಸಿದರೂ 17 ಆಗಿಯೇ ಹೋಗುತ್ತದೆ. ಸಂದೇಶ "ಹೌದು" ಅಥವಾ "ಇಲ್ಲ" ಮಾತ್ರ ಆಗಿದ್ದರೆ, ಈವ್ ಎರಡನ್ನೂ ತಾನೇ ಪಬ್ಲಿಕ್ ಕೀ ಬಳಸಿ ಲೆಕ್ಕ ಹಾಕಿ ಹೋಲಿಸಿ ನೋಡಬಹುದು. ಏನನ್ನೂ ಒಡೆಯಬೇಕಾಗಿಲ್ಲ. ಅದಕ್ಕೇ ನಿಜವಾದ ಬಳಕೆಯಲ್ಲಿ ಪ್ರತಿ ಸಲವೂ ಸಂದೇಶದ ಜೊತೆ ಗೊತ್ತುಗುರಿಯಿಲ್ಲದ ಅಂಕಿಗಳನ್ನು ಸೇರಿಸುತ್ತಾರೆ. ಡಿಫಿ-ಹೆಲ್‌ಮನ್‌ನಲ್ಲೂ ಒಂದು ಬಿರುಕಿದೆ. 15ನ್ನು ಕಳಿಸಿದವಳು ಆಲಿಸ್ ಹೌದೋ ಅಲ್ಲವೋ ಅಂತ ಬಾಬ್‌ಗೆ ತಿಳಿಯುವುದಿಲ್ಲ. ಅದಕ್ಕೆ ಡಿಜಿಟಲ್ ಸಹಿ ಬೇಕು. ಆರ್‌ಎಸ್‌ಎಯಲ್ಲಾದರೆ ಗುಟ್ಟಿನ 7ನ್ನು ಮೊದಲು ಬಳಸಿ, ಎಲ್ಲರಿಗೂ ಗೊತ್ತಿರುವ 3ರಿಂದ ಪರೀಕ್ಷಿಸುವುದು. ಕಲಿಯುವುದಕ್ಕೆ ನಿಮ್ಮದೇ ಪ್ರೋಗ್ರಾಂ ಖಂಡಿತ ಬರೆಯಿರಿ. ನಿಜವಾದ ಗುಟ್ಟನ್ನು ಮಾತ್ರ ಅದಕ್ಕೆ ಒಪ್ಪಿಸಬೇಡಿ.

ಇವತ್ತು ನೀವು ಒಂದು ವೆಬ್‌ಸೈಟ್ ತೆರೆದಾಗ ಆಗುವುದೂ ಹೆಚ್ಚುಕಡಿಮೆ ಇದೇ. ಡಿಫಿ-ಹೆಲ್‌ಮನ್ ವಿಧಾನದಿಂದ ಒಂದು ಕೀ ಹುಟ್ಟುತ್ತದೆ, ಸಹಿಯಿಂದ ಗುರುತು ಖಚಿತವಾಗುತ್ತದೆ, ಆಮೇಲೆ ಅದೇ ಕೀಯಿಂದ ಸಂದೇಶಗಳನ್ನು ಮುಚ್ಚಿ ತೆರೆಯುವ ಎಇಎಸ್‌ನಂಥ ವೇಗದ ವಿಧಾನ ಮಿಕ್ಕ ಕೆಲಸ ನೋಡಿಕೊಳ್ಳುತ್ತದೆ. ಘಾತಗಳ ಜಾಗದಲ್ಲಿ ಈಗ ಜಾಸ್ತಿ ಬಳಕೆಯಲ್ಲಿರುವುದು ಎಲಿಪ್ಟಿಕ್ ಕರ್ವ್‌ಗಳು, ಅಂದರೆ ಒಂದು ಬಗೆಯ ವಕ್ರರೇಖೆಯ ಬಿಂದುಗಳ ಮೇಲೆ ಮಾಡುವ ಲೆಕ್ಕ. 1985ರಲ್ಲಿ ನೀಲ್ ಕೊಬ್ಲಿಟ್ಸ್ ಮತ್ತು ವಿಕ್ಟರ್ ಮಿಲ್ಲರ್ ಬೇರೆ ಬೇರೆಯಾಗಿ ಸೂಚಿಸಿದ್ದು. ಅಲ್ಲಿ 256 ಬಿಟ್ ಕೀ ಕೊಡುವ ಭದ್ರತೆಗೆ ಆರ್‌ಎಸ್‌ಎಯಲ್ಲಿ ಸುಮಾರು 3072 ಬಿಟ್ ಬೇಕು.

ಇಲ್ಲಿ ಒಂದು ಮಾತನ್ನು ಬಚ್ಚಿಡಬಾರದು. ಸಂಖ್ಯೆಗಳನ್ನು ಒಡೆಯುವುದು ಕಷ್ಟ ಅಂತ ಯಾರೂ ಸಾಧಿಸಿ ತೋರಿಸಿಲ್ಲ. ಅತಿ ಬುದ್ಧಿವಂತರು ದಶಕಗಟ್ಟಲೆ ಪ್ರಯತ್ನಪಟ್ಟರೂ ಸುಲಭದ ದಾರಿ ಸಿಕ್ಕಿಲ್ಲ, ನಮ್ಮ ನಂಬಿಕೆಗೆ ಇರುವ ಆಧಾರ ಅಷ್ಟೇ. 1994ರಲ್ಲಿ ಪೀಟರ್ ಶೋರ್, ದೊಡ್ಡ ಕ್ವಾಂಟಮ್ ಕಂಪ್ಯೂಟರ್ ಇದ್ದರೆ ಒಡೆಯುವುದೂ ಸುಲಭ, ಘಾತ ಹುಡುಕುವುದೂ ಸುಲಭ ಅಂತ ತೋರಿಸಿದರು. ಎಲಿಪ್ಟಿಕ್ ಕರ್ವ್‌ಗಳಿಗೂ ಅದರಿಂದ ಉಳಿಗಾಲವಿಲ್ಲ. ಅಷ್ಟು ದೊಡ್ಡ ಯಂತ್ರ ಇನ್ನೂ ಬಂದಿಲ್ಲ. ಬರುವ ಮೊದಲೇ ತಯಾರಾಗಿರಲು ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2024ರ ಆಗಸ್ಟ್‌ನಲ್ಲಿ ಬೇರೆ ಬಗೆಯ ಗಣಿತದ ಮೇಲೆ ನಿಂತ ಮೂರು ಮಾನಕಗಳನ್ನು ಹೊರತಂದಿದೆ.

ಕಲಿಯುವ ಕ್ರಮದ ಬಗ್ಗೆ ಹೇಳುವುದಾದರೆ, ಶೇಷದ ಲೆಕ್ಕ, ಯೂಕ್ಲಿಡ್‌ನ ಕ್ರಮ, ಫರ್ಮಾನ ಪ್ರಮೇಯ, ಇವು ಮೂರೂ ಬೆರಳ ತುದಿಗೆ ಬರುವವರೆಗೆ ಬೇರೆ ಕಡೆ ಹೋಗಬೇಡಿ. ಆಮೇಲೆ ಸ್ವಲ್ಪ ಸಂಭವನೀಯತೆ ಕಲಿಯಿರಿ. ಅಷ್ಟಾದ ಮೇಲೆ ಗ್ರೂಪ್ ಅಧ್ಯಾಯ ತೆರೆಯಿರಿ. 17ರ ಆ ಸಾಲೇ ಒಂದು ಗ್ರೂಪ್ ಅಂತ ಆಗ ನಿಮಗೇ ಕಾಣುತ್ತದೆ. ಪೈಥಾನ್ ಗೊತ್ತಿದ್ದರೆ, ಅದರಲ್ಲಿ ಘಾತ ತೆಗೆಯುವ ಫಂಕ್ಷನ್‌ಗೆ ಮೂರನೇ ಸಂಖ್ಯೆಯಾಗಿ ಭಾಜಕವನ್ನು ಕೊಟ್ಟರೆ ನೇರವಾಗಿ ಶೇಷವೇ ಬರುತ್ತದೆ. ಆದರೆ ಮೊದಲ ಕೆಲವು ಲೆಕ್ಕಗಳನ್ನು ಕೈಯಲ್ಲೇ ಮಾಡಿ.

ಒಂದು ಲೆಕ್ಕ ಈಗಲೇ ಕೊಡುತ್ತೇನೆ. ಪಬ್ಲಿಕ್ ಕೀ 77 ಮತ್ತು 7. ಬಂದಿರುವ ಗೂಢ ಸಂದೇಶ 47. 77ನ್ನು ಒಡೆಯಿರಿ, ಎರಡೂ ಸುತ್ತುಗಳು ಒಟ್ಟಿಗೆ ಮುಗಿಯುವ ಹೆಜ್ಜೆ ಎಷ್ಟನೆಯದು ಅಂತ ನೋಡಿ, 7ಕ್ಕೆ ಜೋಡಿಯಾಗುವ ಗುಟ್ಟಿನ ಕೀ ಕಂಡುಹಿಡಿಯಿರಿ, ಸಂದೇಶ ಓದಿ. ಉತ್ತರ 5 ಬರಬೇಕು. ಬರದಿದ್ದರೆ ವರ್ಗ ಮಾಡುವಾಗ ಎಲ್ಲೋ ಒಂದು ಕಡೆ ಶೇಷ ತಪ್ಪಿರುತ್ತದೆ, ಆ ಹಂತವನ್ನು ಮತ್ತೊಮ್ಮೆ ನೋಡಿ.